ಪಂಕಜಕ್ಕನ ಕೈಯ ಗೊಂಬೆ

ಮೈಸೂರಿನ ಸ್ಮೃತಿಭವನದಲ್ಲಿ ಕ್ಷಣವಿಸ್ತಾರಕ ಯಂತ್ರ ಗುಂಯ್ ಎನ್ನುತ್ತ ಹಳೆಯ ಫೋಟೋವನ್ನು ಒಳಗೆಳೆದುಕೊಂಡಿತು. ಇಂದುಮತಿ ಪಂಕಜಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದರ ತೆರೆಯನ್ನೇ ನೋಡುತ್ತಿದ್ದಳು. ಇವತ್ತು ಅಕ್ಕನ ಬಣ್ಣ ಬಯಲಾಗಲೇಬೇಕು!

ಫೋಟೋದಲ್ಲಿ ಐದು ವರ್ಷದ ಪಂಕಜ ಕುರ್ಚಿಯಲ್ಲಿ ಕೂತು ಪಿಂಗಾಣಿ ಗೊಂಬೆಯನ್ನು ತಬ್ಬಿಕೊಂಡಿದ್ದಳು. ಪಕ್ಕದಲ್ಲಿ, ಕಪ್ಪು ಪರದೆಗೆ ಒರಗಿಕೊಂಡು ಎರಡು ವರ್ಷದ ಇಂದುಮತಿ. ಬರಿಗೈ. ಹೊಟ್ಟೆಕಿಚ್ಚಿಗೆ ವಯಸ್ಸಾಗುತ್ತದೆಯೇ? ಇಲ್ಲ ಬಿಡಿ. ಅಕ್ಕನ ರೇಷ್ಮೆ ಸೀರೆ, ಅಕ್ಕನ ಸಂಸಾರ, ಕೊನೆಗೆ ಅಕ್ಕನ ಗಟ್ಟಿ ಹಲ್ಲು ಕಂಡರೂ ಇಂದುಮತಿಗೆ ಆ ಗೊಂಬೆಯೇ ನೆನಪಾಗುತ್ತಿತ್ತು.

"ಗೊಂಬೆ ನನ್ನ ಕೈಲಿತ್ತು. ಇವಳು ಕಿತ್ಕೊಂಡ್ಳು. ನೋಡ್ತಿರಿ," ಎಂದಳು ಯಂತ್ರ ನಡೆಸುತ್ತಿದ್ದ ವಿಜ್ಞಾನಿ ಫರ್ಜಾನಾಳಿಗೆ.

"ಎರಡು ವರ್ಷದವಳಿದ್ದಾಗಿನದ್ದು ನಿಂಗೆ ನೆನಪಿದ್ಯೇನೇ? ಬಾಯಿಗೆ ಬಂದದ್ದು ಹೇಳ್ಬೇಡ," ಎಂದು ಪಂಕಜಕ್ಕ ಗದರಿದಳು.

ಫರ್ಜಾನಾ ನಕ್ಕಳು. "ಆಗೆಲ್ಲ ಕ್ಯಾಮೆರಾದ ಮುಚ್ಚಳ ತೆಗೆದು, ಸ್ವಲ್ಪ ಹೊತ್ತು ಬಿಟ್ಟು ಮುಚ್ತಿದ್ರು, ಅಮ್ಮ. ಅಷ್ಟು ಹೊತ್ತಿನ ಅಲುಗಾಟವೆಲ್ಲ ಒಂದೇ ಚಿತ್ರದಲ್ಲಿ ಪದರ ಪದರವಾಗಿ ಕೂತಿರುತ್ತೆ. ಯಂತ್ರ ಅದನ್ನ ಬಿಡಿಸುತ್ತೆ, ಕತ್ತಲಲ್ಲಿ ಅಡಗಿದ್ದನ್ನೂ ತೋರಿಸುತ್ತೆ. ಅಂದಹಾಗೆ, ಆ ಗೊಂಬೆ ಸ್ಟುಡಿಯೋದ್ದೇ ಇರಬೇಕು. ಮಕ್ಕಳು ಅಲುಗಾಡದೇ ಇರಲಿ ಅಂತ ಕೊಟ್ಟು, ಆಮೇಲೆ ವಾಪಸ್ ಇಸ್ಕೋತಿದ್ರು."

"ಹಾಗಾದ್ರೆ ನನಗ್ಯಾಕೆ ಕೊಡ್ಲಿಲ್ಲ?"

ಅಷ್ಟರಲ್ಲಿ ತೆರೆ ಬೆಳಗಿತು. ಗೊಂಬೆ ಪಂಕಜಳ ಕೈ ಬಿಟ್ಟು ಕದಲಲೇ ಇಲ್ಲ. ಇಂದುಮತಿಯ ಮುಖ ಸಪ್ಪಗಾಯಿತು. ಆದರೆ ಚಿತ್ರದಲ್ಲಿ ಪುಟ್ಟ ಇಂದುಮತಿಯ ಹಿಂದಿದ್ದ ಕಪ್ಪು ಪರದೆ ಮೆಲ್ಲಗೆ ಉಸಿರಾಡಿತು. ಯಂತ್ರ ಕತ್ತಲನ್ನು ತಿಳಿಯಾಗಿಸುತ್ತ ಹೋಯಿತು. ಅದು ಪರದೆಯಲ್ಲ, ಬಟ್ಟೆ ಹೊದ್ದು ಕೂತ ಹೆಂಗಸು! ಎರಡೂ ಕೈಯಿಂದ ಮಗುವಿನ ಸೊಂಟ ಹಿಡಿದಿದ್ದಳು. ಬಟ್ಟೆಯ ಸಂದಿಯಲ್ಲಿ ಕಂಡ ಮುಖ ಥೇಟ್ ಪಂಕಜಕ್ಕನದೇ.

"ತೀರಾ ಚಿಕ್ಕ ಮಕ್ಕಳನ್ನ ತಾಯಿ ಹೀಗೆ ಮರೆಯಲ್ಲಿ ಕೂತು ಹಿಡ್ಕೋತಿದ್ರು," ಎಂದಳು ಫರ್ಜಾನಾ.

ಅಮ್ಮ ತೀರಿಕೊಂಡದ್ದು ಆ ವರ್ಷವೇ. ಮನೆಯಲ್ಲಿ ಅವಳದೊಂದೂ ಫೋಟೋ ಇರಲಿಲ್ಲ, ಇಬ್ಬರಿಗೂ ಅವಳ ಮುಖದ ನೆನಪಿರಲಿಲ್ಲ.

ಪಂಕಜಕ್ಕ ತೆರೆಯತ್ತ ಬಾಗಿದಳು. "ನನ್ನ ಕೈಗೆ ಆ ದರಿದ್ರ ಗೊಂಬೆ ಕೊಟ್ಟು, ನಿನ್ನನ್ನ ಹಿಡ್ಕೊಂಡಿದ್ಳಲ್ಲೇ!"

ಆ ದನಿಯಲ್ಲಿದ್ದ ಉರಿ ಇಂದುಮತಿಗೆ ಚೆನ್ನಾಗಿ ಗೊತ್ತಿತ್ತು. ಜೀವಮಾನವಿಡೀ ಅದು ಅವಳದೇ ಆಗಿತ್ತು.

"ಗೊಂಬೆ ನೀನೇ ಇಟ್ಕೊಳೇ ಇಂದೂ," ಎಂದು ಅಕ್ಕ ಬಿಕ್ಕಿದಳು. "ಆ ಜಾಗ ನಂಗೆ ಕೊಡು."

ಎಪ್ಪತ್ತು ದಾಟಿದ ಇಂದುಮತಿ ತೆರೆಗೆ ಅಡ್ಡವಾಗಿ ನಿಂತಳು. ಅವಳ ಕೈಗಳು ತಾವಾಗಿಯೇ ಸೊಂಟವನ್ನು ಮುಟ್ಟಿ ನೋಡಿಕೊಂಡವು.

"ಕೊಡಲ್ಲ ಹೋಗಕ್ಕ," ಎಂದಳು.