ಮ್ಯಾಪಮ್ಮ ಏನಂದ್ಲು?

ನನಗೆ ಬೈಕ್ ಓಡಿಸಲು ಬರುವುದಿಲ್ಲ. ಬೈಕಿನ ಕತೆಯನ್ನು ಓಡಿಸಲು ಬರುವವರೇ ಹೇಳಬೇಕು. ಆದರೂ ಹೇಳುತ್ತಿದ್ದೇನೆ. ಎಲ್ಲಾದರೂ ತಪ್ಪಿದರೆ ಮಕ್ಕಳೇ, ಕ್ಷಮಿಸಿ.

“ಇಯರ್‌ಫೋನ್ ಎಲ್ಲಿ ರವಿಕುಮಾರ?” ಗುಂಡ್ಲುಪೇಟೆಯ ಪಾರ್ಸೆಲ್ ಆಫೀಸಿನಲ್ಲಿ ಮಹದೇವಪ್ರಸಾದ್ ಸಾರ್ ಕೇಳಿದರು. “ಹೋದ ವಾರ ನೀನು ದಾರಿ ತಪ್ಪಿ ಪಾರ್ಸೆಲ್ ವಾಪಸ್ ತಂದೆ. ಮ್ಯಾಪ್ ಹೇಳೋದು ಕೇಳಿಸ್ಕೊಂಡು ಓಡ್ಸು. ಇನ್ನೊಂದ್ ಸಲ ವಾಪಸ್ ತಂದ್ರೆ ಬೇರೆಯವ್ರನ್ನ ನೋಡ್ಕೋತೀವಿ, ಅಷ್ಟೆ.”

“ಐತೆ ಸಾ.” ಪ್ರಿಯಾಂಕಳ ಅಪ್ಪ ಜೇಬಿನಿಂದ ವೈರ್ ಎಳೆದು ತೋರಿಸಿದ. “ನನ್ ಮಗ್ಳೇ ಎಲ್ಲ ಸೆಟ್ ಮಾಡ್ಕೊಟ್ಟವ್ಳೆ. ಕನ್ನಡದಲ್ಲೇ ಹೇಳ್ತದೆ.”

ಗೋಡೆಗೆ ಒರಗಿ ನಿಂತಿದ್ದ ಪ್ರಿಯಾಂಕಳಿಗೆ ಹೆಮ್ಮೆಯಾಗಬೇಕಿತ್ತು. ಆಗಲಿಲ್ಲ. ಅವಳು ಆ ವೈರನ್ನೇ ನೋಡುತ್ತಿದ್ದಳು.

ಅಪ್ಪನಿಗೆ ಕೇಳಿಸುವುದು ಒಂದೇ ಕಿವಿ. ಚಾಮರಾಜನಗರದ ಕಡೆ ಕರಿಕಲ್ಲಿನ ಕ್ವಾರಿಯಲ್ಲಿ ದಿನವಿಡೀ ಮೆಷಿನ್ ಹಿಡಿದು ಎಡಗಿವಿ ಹೋಗಿತ್ತು. ಮನೆಯಲ್ಲಿ ಎಲ್ಲರೂ ಅವನ ಬಲಗಡೆ ನಿಂತೇ ಮಾತಾಡುತ್ತಾರೆ. ಊಟಕ್ಕೆ ಕುಳಿತಾಗ ಬಲಗಡೆಯ ಜಾಗಕ್ಕೆ ಪ್ರಿಯಾಂಕಳಿಗೂ ಅಜ್ಜಿ ಪುಟ್ಟಮಾದಮ್ಮನಿಗೂ ಜಗಳ. ಈ ಕೆಲಸ ಹೋದರೆ ಅಪ್ಪ ಮತ್ತೆ ಕ್ವಾರಿಗೇ ಹೋಗಬೇಕು. ಆಗ ಉಳಿದ ಕಿವಿ?

ಮ್ಯಾಪಿನ ನೀಲಿ ಗೆರೆ ಅಪ್ಪನಿಗೆ ಅರ್ಥವಾಗುತ್ತಿರಲಿಲ್ಲ. ಅದಕ್ಕೇ ಪ್ರಿಯಾಂಕ ಅದರ ದನಿ ಹಾಕಿ, ವಾಲ್ಯೂಮ್ ಪೂರ್ತಿ ಏರಿಸಿ ಕೊಟ್ಟಿದ್ದಳು. ಆ ದನಿಗೆ ಅಜ್ಜಿ ‘ಮ್ಯಾಪಮ್ಮ’ ಎಂದು ಹೆಸರಿಟ್ಟಿದ್ದಳು.

ಆದರೆ ಮೊನ್ನೆ ಮೇಷ್ಟ್ರು ಕ್ಲಾಸಿನಲ್ಲಿ ಹೇಳಿದ್ದರು: “ಕಿವಿಗೆ ಇಯರ್‌ಫೋನ್ ಸಿಕ್ಕಿಸ್ಕೊಂಡು ಗಾಡಿ ಓಡಿಸೋರಿಗೆ ಹಿಂದಿನ ಹಾರ್ನ್ ಕೇಳ್ಸಲ್ಲ.” ಎರಡು ಕಿವಿ ಇರುವವರಿಗೇ ಹೀಗೆ. ಅಪ್ಪ ಇರುವ ಒಂದರೊಳಗೂ ಮ್ಯಾಪ್ ತುಂಬಿಕೊಂಡರೆ? ತುಂಬಿಕೊಟ್ಟವಳು ತಾನೇ.

ಅದಕ್ಕೇ ಈ ಭಾನುವಾರ ಹಟ ಮಾಡಿ ಬೇಗೂರಿನ ಮನೆಯಿಂದ ಜೊತೆಗೆ ಬಂದಿದ್ದಳು. “ಬಿಸ್ಲಲ್ಲಿ ನೀನ್ಯಾಕಮ್ಮಿ?” ಎಂದು ಅಜ್ಜಿ ಕೇಳಿದಾಗ, “ಸುಮ್ನೆ” ಎಂದಿದ್ದಳು. ಹಿಂದಿನಿಂದ ಬರುವ ಲಾರಿ ನೋಡಲು ಎನ್ನಲಿಲ್ಲ.

ಹೈವೇಯಲ್ಲಿ ಕೇರಳಕ್ಕೆ ತರಕಾರಿ ಒಯ್ಯುವ ಲಾರಿಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಪ್ರಿಯಾಂಕ ಬೈಕಿನ ಹಿಂದೆ ಕುಳಿತು ಕತ್ತು ತಿರುಗಿಸಿ ತಿರುಗಿಸಿ ನೋಡಿದಳು. ಹಾರ್ನ್ ಕೇಳಿದಾಗಲೆಲ್ಲ ಅಪ್ಪನ ಅಂಗಿ ಹಿಡಿದಳು. ಆದರೆ ಅವಳು ಬಾಯಿ ತೆರೆಯುವ ಮೊದಲೇ ಬೈಕು ಪಕ್ಕಕ್ಕೆ ಸರಿಯುತ್ತಿತ್ತು. ಪ್ರತಿ ಸಲವೂ.

ಹೆಲ್ಮೆಟ್ಟಿನೊಳಗೆ ಇಯರ್‌ಫೋನ್ ಇದ್ದರೂ ಇವನಿಗೆ ಹೇಗೆ ಕೇಳಿಸುತ್ತಿದೆ?

ಹೈವೇ ಬಿಟ್ಟು ಚೆಂಡು ಹೂವಿನ ಹೊಲಗಳ ನಡುವಿನ ಮಣ್ಣುದಾರಿಗೆ ಬಂದರು. ದಾರಿ ಕವಲೊಡೆಯುವಲ್ಲಿ ಅಪ್ಪ ಬೈಕ್ ನಿಲ್ಲಿಸಿ, ಹೆಲ್ಮೆಟ್ ತೆಗೆದು ಬೆವರು ಒರೆಸಿಕೊಂಡ. ಸುತ್ತ ಯಾರೂ ಇರಲಿಲ್ಲ. ಆ ನಿಶ್ಶಬ್ದದಲ್ಲಿ ಸೊಳ್ಳೆ ಗುಂಯ್‌ಗುಟ್ಟಿದಂತೆ ಸಣ್ಣ ದನಿ ಬಂತು: “ಎಡಕ್ಕೆ ತಿರುಗಿ.”

ಪ್ರಿಯಾಂಕ ಇಳಿದು, ರೂಢಿಯಂತೆ ಅಪ್ಪನ ಬಲಗಡೆ ನಿಂತಳು. “ಅಪ್ಪಾ, ಮ್ಯಾಪಮ್ಮ ಏನಂದ್ಲು?”

“ನೇರುಕ್ಕೇ ಓಗು ಅಂದ್ಲು ಕಣಮ್ಮಿ. ಏನ್ ಚೆಂದಾಗ್ ಕೇಳುಸ್ತದೆ ಅಂತೀಯೆ, ಪಕ್ಕದಲ್ಲೇ ಕೂತ್ಕಂಡ್ ಹೇಳ್ದಂಗೆ.”

ಅವನ ಬಲಗಿವಿ ಬರಿದಾಗಿತ್ತು. ಇಯರ್‌ಫೋನ್ ಇದ್ದದ್ದು ಎಡಗಿವಿಯಲ್ಲಿ.

ಅಪ್ಪನ ಕಣ್ಣು ಹೊಲದಲ್ಲಿ ದಾರಿ ಕೇಳಲು ಯಾರನ್ನೋ ಹುಡುಕುತ್ತಿತ್ತು. ಹೋದ ವಾರವೂ ಹೀಗೇ ನಿಂತಿದ್ದನೇನೋ.

“ಫೋನ್ ನಾನ್ ಹಿಡ್ಕೋತೀನಿ ಅಪ್ಪಾ. ನಿನ್ ಜೇಬಲ್ಲಿ ಬೆವ್ರಿಗೆ ಒದ್ದೆ ಆಯ್ತದೆ.”

“ವೈರು?”

“ವೈರ್ ಕಿವೀಲೇ ಇರ್ಲಿ, ಬುಡು.”

ಅಪ್ಪ ಅವಳ ಮುಖ ನೋಡಿದ. ಆಮೇಲೆ ವೈರಿನ ತುದಿ ಕಳಚಿ ಫೋನ್ ಕೊಟ್ಟ.

ಬೈಕ್ ಹೊರಟಿತು. ಪ್ರಿಯಾಂಕ ಫೋನಿನ ನೀಲಿ ಗೆರೆ ನೋಡಿ ಅಪ್ಪನ ಎಡಹೆಗಲನ್ನು ಮೆಲ್ಲಗೆ ತಟ್ಟಿದಳು. ಅವನು ಏನೂ ಕೇಳದೆ ಎಡಕ್ಕೆ ತಿರುಗಿಸಿದ. ಪಂಪ್‌ಹೌಸ್ ಹತ್ತಿರ ಬಲಹೆಗಲು ತಟ್ಟಿದಳು. ಬಲಕ್ಕೆ ತಿರುಗಿದ. ಹಿಂದೆ ಟ್ರ್ಯಾಕ್ಟರ್ ಸದ್ದಾದಾಗ ಅವಳು ತಟ್ಟಲಿಲ್ಲ. ಅಪ್ಪನೇ ಸರಿದುಕೊಂಡ.

ತೋಟದ ಮನೆಯ ಮಲ್ಲಿಕಾರ್ಜುನಸ್ವಾಮಿ ಪಾರ್ಸೆಲ್ ತೆಗೆದುಕೊಂಡು ನಕ್ಕರು. “ಹೆಂಗ್ರೀ ಹುಡುಕ್ದ್ರಿ? ನಮ್ ಬೀಗ್ರೇ ದಾರಿ ಸಿಗ್ದೆ ವಾಪಸ್ ಹೋಗವ್ರೆ.”

“ಮ್ಯಾಪ್ ಹೇಳ್ತು ಸಾ,” ಅಪ್ಪ ಎಡಗಿವಿ ಮುಟ್ಟಿ ತೋರಿಸಿದ. ಪ್ರಿಯಾಂಕ ಬೈಕಿನ ಕನ್ನಡಿಯನ್ನು ಲಂಗದಿಂದ ಒರೆಸುತ್ತಾ ನಿಂತಳು.

ಸಂಜೆ ಅಜ್ಜಿಗಿಂತ ಮೊದಲೇ ಹೋಗಿ ಅಪ್ಪನ ಬಲಗಡೆ ಕುಳಿತಳು. ಫೋನಿನಲ್ಲಿ ಮ್ಯಾಪ್ ತೆರೆದಳು.

“ಈ ನೀಲಿ ಗೆರೆ ನೋಡಪ್ಪಾ. ಇವತ್ತು ನಾವ್ ಹೋದ ದಾರಿ.”

“ಹೂವಿನ ಹೊಲ ಎಲ್ಲಮ್ಮಿ?”

“ಹೊಲ ತೋರ್ಸಲ್ಲ. ಕವಲು ತೋರ್ಸ್ತದೆ. ಗಾಡಿ ನಿಲ್ಸಿ ನೋಡು, ಸಾಕು.”

ಅಪ್ಪ ಗೆರೆಯ ಮೇಲೆ ಬೆರಳಿಟ್ಟು ನಿಧಾನವಾಗಿ ಎಳೆದ. ಬೆರಳಿನ ಜೊತೆಗೆ ಮ್ಯಾಪೇ ಜಾರಿ ಎಲ್ಲೋ ಹೋಯಿತು. ಅವಳು ಮತ್ತೆ ಮೊದಲಿನಿಂದ ತೋರಿಸಿದಳು.

ಸೋಮವಾರ ಪ್ರಿಯಾಂಕ ಶಾಲೆಗೆ ಹೋದಳು. ಅಪ್ಪ ಎಡಗಿವಿಗೆ ವೈರ್ ಸಿಕ್ಕಿಸಿಕೊಂಡು ಒಬ್ಬನೇ ಹೊರಟ. ದಾರಿ ಕೇಳಲು ಯಾರೂ ಸಿಗದ ಕವಲಿನಲ್ಲಿ ಅವನಿಗೆ ಆ ಗೆರೆ ಅರ್ಥವಾಯಿತೋ ಇಲ್ಲವೋ, ನನಗೆ ತಿಳಿದಿಲ್ಲ.