ಹದಿನೆಂಟು ತುಂಬಿದ ಹುಡುಗಿ

ಕತ್ತರಿಯ ಮೊನೆ ನನ್ನ ಕುತ್ತಿಗೆಯಿಂದ ಎರಡು ಬೆರಳು ದೂರದಲ್ಲಿತ್ತು.

"ಹುಡುಗೀನ ಬಿಡಿ ಮೇಡಂ. ನಿಮ್ಮನೇಲೂ ಒಂದು ಹೆಣ್ಣುಮಗು ಇದೆಯಂತೆ..."

ಹೊಲಿಗೆ ಕಾರ್ಖಾನೆಯ ಮಾಲೀಕ. ನಗುತ್ತಲೇ ಹೇಳಿದ.

ನಾನು ಮಕ್ಕಳ ರಕ್ಷಣಾಧಿಕಾರಿ. ಜೊತೆಗೆ ಬರಬೇಕಿದ್ದ ಕಾನ್‌ಸ್ಟೇಬಲ್ ಬಂದಿರಲಿಲ್ಲ. ಒಂಬತ್ತು ವರ್ಷದ ಸರ್ವಿಸಿನಲ್ಲಿ ಹೆದರಿಕೆ ಮರಗಟ್ಟಿಹೋಗಿದೆ. ಕಣ್ಣು ಮಾತ್ರ ಬಾಗಿಲುಗಳನ್ನು ಎಣಿಸುತ್ತಲೇ ಇರುತ್ತದೆ.

ಹಿಂಬಾಗಿಲು ತೆರೆದಿತ್ತು.

ಗುಂಡಿಗಳ ಡಬ್ಬವನ್ನು ಅವನ ಕಾಲಬುಡಕ್ಕೆ ಉರುಳಿಸಿದೆ. ಹುಡುಗಿಯ ಕೈ ಹಿಡಿದು ಓಡಿದೆ! ಹಿಂದೆ ಅವನು ಜಾರಿಬಿದ್ದ ಸದ್ದು...

ಜೀಪು ಹತ್ತಿದೆವು.

"ಬೈಕಲ್ಲಿ ಬರ್ತಾ ಇದಾನೆ ಮೇಡಂ!" ಎಂದ ಡ್ರೈವರ್. "ನಮ್ಮ ಬ್ರೇಕ್ ಬೇರೆ ಸರಿ ಇಲ್ಲ!"

"ಒಳ್ಳೇದೇ ಆಯ್ತು ಅಣ್ಣ. ನಿಲ್ಲಿಸೋ ಆಸೆ ನನಗೂ ಇಲ್ಲ."

ಐದು ಗಂಟೆಯೊಳಗೆ ಅವಳನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ನಿಲ್ಲಿಸಬೇಕು. ಹದಿನೆಂಟು ತುಂಬಿಲ್ಲವೆಂದು ತೋರಿಸಬೇಕು. ಇಲ್ಲದಿದ್ದರೆ ಮತ್ತೆ ಅದೇ ಮಷಿನ್ನು, ಅದೇ ಮಾಲೀಕ.

"ವಯಸ್ಸೆಷ್ಟು ಪುಟ್ಟಿ?"

"ಹದಿನೆಂಟು."

ಬಾಯಿಪಾಠ. ಬಾಯೊಳಗೆ ಬೆರಳಿಟ್ಟುಕೊಂಡೇ ಹೇಳಿದಳು. ದಾರಿಯುದ್ದಕ್ಕೂ ಆ ಬೆರಳು ಹೊರಗೆ ಬರಲಿಲ್ಲ. ಹೆದರಿದ್ದಾಳೆ ಎಂದುಕೊಂಡೆ.

ಬೈಕು ನಮ್ಮನ್ನು ಹಿಂದಿಕ್ಕಿ ಹೋಯಿತು. ಅಡ್ಡಗಟ್ಟಲಿಲ್ಲ.

ಅದು ಇನ್ನೂ ಕೆಟ್ಟದ್ದು.

ಐದಕ್ಕೆ ನಾಲ್ಕು ನಿಮಿಷ. ಮಾಲೀಕ ಸಮಿತಿಯ ಕೋಣೆಯಲ್ಲಿ ಆಗಲೇ ಕುಳಿತಿದ್ದ. ಮೇಜಿನ ಮೇಲೆ ಅವನು ತಂದ ಜನನ ಪ್ರಮಾಣಪತ್ರ. ಸೀಲು, ಸಹಿ... ಒಂದೂ ತಪ್ಪಿಲ್ಲ!

"ಹದಿನೆಂಟು ಆಗಿದೆಯಲ್ಲಮ್ಮ," ಎಂದರು ಅಧ್ಯಕ್ಷೆ. "ಇನ್ನು ನಮ್ಮ ಕೈಯಲ್ಲಿಲ್ಲ."

"ಅವಳ ಮುಖ ನೋಡಿ ಮೇಡಂ!"

"ಮುಖ ದಾಖಲೆ ಅಲ್ಲ."

"ಮೈಕಟ್ಟು ಸಣ್ಣದು, ಅಷ್ಟೇ," ಎಂದ ಮಾಲೀಕ. "ನಡಿಯಮ್ಮ." ಅವಳ ತೋಳಿಗೆ ಕೈಹಾಕಿದ.

ಅವಳು ಕಚ್ಚಿದಳು!

"ಅಯ್ಯೋ!" ಅವನು ಕೈ ಕೊಡವಿದ. ಬೆಳ್ಳಗಿನದೇನೋ ಹಾರಿ ಪ್ರಮಾಣಪತ್ರದ ಮೇಲೆ ಬಿತ್ತು.

ಹಾಲುಹಲ್ಲು.

"ಮೂರು ದಿನದಿಂದ ಅಲುಗಾಡ್ತಿತ್ತು ಆಂಟಿ," ಎಂದಳು.

ಅಧ್ಯಕ್ಷೆ ಕನ್ನಡಕ ತೆಗೆದರು. ಹಲ್ಲನ್ನು ನೋಡಿದರು. ಅವನನ್ನು ನೋಡಿದರು.

"ಮಗು ಇಲ್ಲೇ ಇರುತ್ತೆ. ನೀವೂ ಕೂತ್ಕೊಳ್ಳಿ. ಪೊಲೀಸರು ಬರ್ತಾರೆ."

ನನಗೆ ಖುಷಿಯಾಗಬೇಕಿತ್ತು. ಏನೂ ಆಗಲಿಲ್ಲ. ಆ ಕಾರ್ಖಾನೆಯಲ್ಲಿ ಹೀಗೆ ಕಾಗದದ ಮೇಲೆ ಹದಿನೆಂಟು ತುಂಬಿದವರು ಇನ್ನೂ ಹನ್ನೊಂದು ಮಂದಿ ಇದ್ದರು. ಎಲ್ಲರ ಹಲ್ಲೂ ಹೊತ್ತಿಗೆ ಸರಿಯಾಗಿ ಬೀಳುವುದಿಲ್ಲವಲ್ಲ.

ಪೆನ್ನು ತೆಗೆದು ಫಾರಂ ತುಂಬಿದೆ. ಲಗತ್ತಿಸಿದ ದಾಖಲೆಗಳು: ಹಲ್ಲು, ಒಂದು.