ಹತ್ತನೇ ನಂಬರಿನ ಹಾಡು

ಹತ್ತು ಹಾಡು ಕಟ್ಟೂದೇನ್ ದೊಡ್ಡ ಮಾತಲ್ರಿ. ಯಾವ ಹಾಡಿನ ಬೆನ್ನಿಗಿ ಯಾವ ಹಾಡು ಬರಬೇಕು ಅನ್ನೂದು ಐತಲ್ಲ, ಅಲ್ಲಿ ಬರ್ತೈತಿ ನೋಡ್ರಿ ಜಗಳ. ಅಣ್ಣತಮ್ಮರು ಹೊಲ ಪಾಲ ಮಾಡ್ಕೊಳ್ಳಾಗ ಹೆಂಗ ಒದರಾಡ್ತಾರ, ಹಂಗ ಆ ಬುಧವಾರ ವಿಜಯಪುರದ ಸ್ಟೇಷನ್ ರಸ್ತೆದಾಗ, ಬ್ಯಾಟರಿ ಅಂಗಡಿ ಮ್ಯಾಲಿನ ಖೋಲ್ಯಾಗ ಒದರಾಟ ನಡದಿತ್ತು.

ಆ ಖೋಲಿ ಅಂದ್ರ ದಾನೇಶ್ವರಿ ಅನ್ನಾಕಿ ನಡಸೂ ರೆಕಾರ್ಡಿಂಗ್ ಸ್ಟುಡಿಯೋ. ಹೊರಗಿನ ಗದ್ದಲ ಒಳಗ ಬರಬಾರದಂತ ಗ್ವಾಡಿಗೆಲ್ಲ ತತ್ತಿ ಟ್ರೇ ಬಡದಾಳ. ನಡುವ ಒಂದು ಗಾಜು. ಗಾಜಿನ ಆಕಡೆ ಮೈಕು, ಈಕಡೆ ಕಂಪ್ಯೂಟರು. ರೈಲು ಬಂತಂದ್ರ ರೆಕಾರ್ಡಿಂಗ್ ಬಂದ್, ರೈಲು ಹೋತಂದ್ರ ಚಾಲೂ. ಮದವಿ ಹಾಡು, ಭಜನಿ ಪದ, ಎಲೆಕ್ಷನ್ ಪ್ರಚಾರ, ಏನ್ ಬಂದ್ರೂ ಬ್ಯಾಡ ಅನ್ನಾಂಗಿಲ್ಲ. ದಾನೇಶ್ವರಿ ಊರು ಬಬಲೇಶ್ವರ ಕಡೀ ಜೈನಾಪುರ. ಅಪ್ಪ ಸಿದ್ದರಾಯ ಅಲ್ಲಿ ಭಜನಿ ಮೇಳದ ಹಿರ್ಯಾ. ಈಕಿ ಹಾಲಹಲ್ಲು ಬೀಳೂ ವಯಸ್ಸಿನ್ಯಾಗ ಅಪ್ಪನ ಬಾಜೂಕ ಕುಂತು ತಾಳ ಹಾಕಿದಾಕಿ. ಕಿವಿ ಹೆಂಗಪಾ ಅಂದ್ರ, ಗಿಟಾರಿನ ಒಂದು ತಂತಿ ಎಳ್ಳಷ್ಟು ಸಡ್ಲಾದ್ರೂ ಆಕಿ ಎಡಗಡೆ ಹುಬ್ಬು ಮ್ಯಾಲೇರತಿತ್ತು.

ಆ ಹುಬ್ಬು ನೋಡಬೇಕಂತ್ಲೇ ಮಲ್ಲಿನಾಥ ಎಷ್ಟೋ ಸಲ ತಂತಿ ಸಡ್ಲ ಮಾಡ್ಯಾನ. ಸುಳ್ಳ್ಯಾಕ ಹೇಳೂಣು.

ಮಲ್ಲಿನಾಥ ತಿಕೋಟಾದಾಂವ. ಮನೀದು ಒಣದ್ರಾಕ್ಷಿ ಶೆಡ್ಡು. ಮುಂಜಾನಿ ವಿಜಯಪುರದ ಪ್ಯಾಟ್ಯಾಗ ದ್ರಾಕ್ಷಿ ಮಾರಾಟ, ಸಂಜೀಕ ಗಿಟಾರು. ಅಂವ ಹಾಡಾಂವ, ಡ್ರಮ್ ಬಡಿಯಾಂವನ ಹೆಸರು ಅಕ್ರಮ, ಹಗಲೆಲ್ಲ ವೆಲ್ಡಿಂಗ್ ಮಾಡ್ತಾನ. ಬೇಸ್ ಗಿಟಾರಿಗಿ ಪ್ರತಾಪ, ವರ್ಷಕ್ಕ ನಾಕು ಮಾತಾಡಿದ್ರ ಹೆಚ್ಚು. ಮೂವರದೂ ಕೂಡಿ ಒಂದು ರಾಕ್ ಬ್ಯಾಂಡ್, ಹೆಸರು ಎರಿಹೊಲ. ಎರಡು ವರ್ಷ ಹೊಡದಾಡಿ ಹತ್ತು ಹಾಡು ಮಾಡಿದ್ರು. ಒಂಬತ್ತು ಹಾಡು ಗದ್ದಲಂದ್ರ ಗದ್ದಲ. ಉಳದದ್ದೊಂದು ಮಾತ್ರ ಮೆತ್ತಗ. ಒಂದ ಗಿಟಾರು, ಒಂದ ದನಿ. ಹೆಸರು 'ಬಬಲೇಶ್ವರದ ಬಸ್ಸು'.

ಅದನ್ನ ಹಾಡೂ ಮುಂದ ಮಲ್ಲಿನಾಥ ಕಣ್ಣ ತಗದಿದ್ದಿಲ್ಲ. ಹಾಡ ಮುಗದ ಮ್ಯಾಲ ದಾನೇಶ್ವರಿ ಗಾಜಿನ ಆಕಡಿಂದ ಕೇಳಿದ್ಳು: "ಬಬಲೇಶ್ವರದಾಗ ನಿಮ್ಮವರು ಯಾರರ ಅದಾರೇನ್ರಿ?"

"ಯಾರೂ ಇಲ್ರಿ."

"ಮತ್ತ ಆ ಬಸ್ಸ ಯಾಕ?"

"ಪ್ರಾಸಕ್ಕ ಕೂಡ್ತ್ರಿ," ಅಂದ ಇಂವ.

ಆಕಿ ನಗಲಿಲ್ಲ. ಹುಬ್ಬೂ ಏರಸಲಿಲ್ಲ. ಹೆಡ್‌ಫೋನ್ ಒಂದು ಕಿವಿ ಮ್ಯಾಲಿಂದ ಸರಿಸಿ, ಕೂದಲ ಹಿಂದ ಹಾಕಿ, ಮತ್ತ ಅದನ್ನ ಕಿವಿಗಿ ಏರಿಸ್ಕೊಂಡು ಹಾಡನ್ನ ಮೊದಲಿಂದ ಹಚ್ಚಿದ್ಳು. ಅಂದಿಂದ ಮಲ್ಲಿನಾಥಗ ನಿದ್ದಿ ಇಲ್ಲ.

ಯಾಕಂದ್ರ ಖರೇ ಮಾತು ಇದು: ದಿನಾ ಮುಂಜಾನಿ ಬಬಲೇಶ್ವರ ಕಡಿಂದ ಬರೂ ಬಸ್ಸಿನ್ಯಾಗ, ಕಿಟಕಿಗಿ ಕುಂತು, ಕಿವ್ಯಾಗ ವೈರ್ ಹಾಕ್ಕೊಂಡು, ಯಾವುದೋ ಹಾಡಿಗಿ ತುಟಿ ಅಲುಗಾಡಿಸ್ಕೋತ ಇಳಿಯಾಕಿ ದಾನೇಶ್ವರಿನ. ಬಾಯಿ ಬಿಟ್ಟು ಹೇಳೂ ಧೈರ್ಯ ಇಂವಗ ಎಲ್ಲೀದು? ಹಾಡಿನ್ಯಾಗ ಹೇಳಿ ಕೂತಿದ್ದ. ಆಲ್ಬಮ್ಮಿನ್ಯಾಗ ಹಾಡು ಜೋಡಿಸೂ ಕೆಲಸ ಆಕೀದು. ಆಕಿ ನನ್ನ ಹಾಡಿಗಿ ಯಾವ ಜಾಗಾ ಕೊಡ್ತಾಳ, ಅದ ಆಕಿ ಉತ್ತರ ಅಂತ ಮನಸ್ಸಿನ್ಯಾಗ ಗಂಟ ಹಾಕ್ಕೊಂಡಿದ್ದ.

ಆ ಬುಧವಾರ ಆಕಿ ಪಟ್ಟಿ ಬರಕೊಂಡು ಬಂದಿದ್ಳು.

"ಡ್ರಮ್ಮಿಂದ ಸುರು ಆಗ್ಬೇಕು," ಅಂತ ಅಕ್ರಮನ ಹಟ. "ಮಂದಿ ಬೆಚ್ಚಿ ಬೀಳಬೇಕು."

"ಬೆಚ್ಚಿ ಬಿದ್ದ ಮಂದಿ ಎದ್ದು ಓಡ್ತಾರ್ರಿ ಅಕ್ರಮಣ್ಣ. ಮೊದಲ ಕರೀರಿ, ಕುಂದ್ರಸ್ರಿ, ಆಮ್ಯಾಲ ಬಡೀರಿ." ಆಕಿ ಪಟ್ಟಿ ಓದಕೋತ ಹೋದ್ಳು. "ನಾಕನೇ ಹಾಡಿನ ಕಡೀಕ ಗಿಟಾರ್ ಕೀಂ ಅಂತ ಒದರ್ತೈತಲ್ರಿ, ಆ ಕೀಂ ಆರೂದ್ರೊಳಗ ಐದನೇದು ಸುರು ಆಗ್ಬೇಕು. ನಡುವ ಅರ್ಧ ಸೆಕೆಂಡೂ ಗ್ಯಾಪ್ ಇಲ್ಲ. ಆರನೇದು ಸಣ್ಣ ಹಾಡು, ಉಸರು ತಗೊಳ್ಳಾಕ. ಏಳು, ಎಂಟು, ಒಂಬತ್ತು ಒಂದಕ್ಕಿಂತ ಒಂದು ಏರಬೇಕು. ಒಂಬತ್ತು ಮುಗದ ಮ್ಯಾಲ ಆರು ಸೆಕೆಂಡ್ ಗಪ್. ಪೂರಾ ಗಪ್. ಆಮ್ಯಾಲ..."

ಇಲ್ಲಿ ಆಕಿ ದನಿ ತಗ್ತು. ಕಾಗದದ ಮ್ಯಾಲಿಂದ ಕಣ್ಣೆತ್ತಿ ಮಲ್ಲಿನಾಥನ್ನ ನೋಡಿದ್ಳು. ಕಣ್ಣಿಗಿ ಕಣ್ಣ ಕೂಡೂದ್ರಾಗ ಹೊಳ್ಳಿ ಕಾಗದಕ್ಕ ಬಂದ್ಳು. ಕಿವಿ ತುದಿ ಕೆಂಪಗಾಗಿದ್ವು.

"ಹತ್ತು. ಬಬಲೇಶ್ವರದ ಬಸ್ಸು."

ಕಿವಿ ಕೆಂಪಾಗಿದ್ದು ಇಂವ ನೋಡಿದ್ರ ಕಥಿ ಇಲ್ಲೇ ಮುಗೀತಿತ್ರಿ. ಈ ಮಳ್ಳ ಹತ್ತು ಅನ್ನೂದಷ್ಟ ಕೇಳಿದ.

ಮಲ್ಲಿನಾಥನ ಮನೀ ಶೆಡ್ಡಿನ್ಯಾಗ ದ್ರಾಕ್ಷಿ ಬಾಕ್ಸ್ ತುಂಬೂ ಪದ್ಧತಿ ಹೆಂಗಂದ್ರ, ಉದ್ದನ್ನ, ಹಸರನ್ನ, ನೋಡಿದ್ರ ಬಾಯಾಗ ನೀರ ಬರೂ ಕಾಯಿ ಮ್ಯಾಲ. ಮುಚ್ಚಳ ತಗದ ಕೂಡ್ಲೇ ಕಣ್ಣಿಗಿ ಬೀಳಬೇಕು. ಸಣ್ಣದು, ಸುಕ್ಕಾದದ್ದು, ಕಂದು ಬಣ್ಣದ್ದು ತಳಕ್ಕ. ಹುಟ್ಟಿದಾಗಿಂದ ಅದನ್ನ ನೋಡಿ ಬೆಳದಾಂವ. ಹತ್ತನೇದು ಅಂದ್ರ ಅಂವಗ ಬಾಕ್ಸಿನ ತಳ.

"ಅಷ್ಟ ಬ್ಯಾಸರಾಗಿದ್ರ ಅದನ್ನ ತಗದ ಬಿಡ್ರಿ," ಅಂದ.

ದಾನೇಶ್ವರಿ ಕೈಯಾಗಿನ ಪೆನ್ನು ನಿಂತ್ತು. "ತಗೀಲಿ?"

"ತಗೀರಿ. ಕಡೀಕ ಹಾಕೂದಕ್ಕಿಂತ ಇರದಿದ್ರ ಚಲೋ."

"ಲೇ ಮಲ್ಯಾ, ತಲಿ ಕೆಟ್ಟೈತೇನು?" ಅಂದ ಅಕ್ರಮ. ಪ್ರತಾಪ ಸೈತ ಬಾಯಿ ತೆರೆದ, ಮತ್ತ ಮುಚ್ಚಿದ.

ಆಕಿ ಒಂದು ಪೆನ್‌ಡ್ರೈವ್ ಟೇಬಲ್ ಮ್ಯಾಲ ಇಟ್ಳು. "ಹತ್ತೂ ಹಾಡು ಇದರಾಗ ಅದಾವು, ಬರೇ ಕೇಳಿ ನೋಡಾಕ ಕಚ್ಚಾ ಕಾಪಿ. ಶನಿವಾರ ಹನ್ನೊಂದಕ್ಕ ಆಲ್ಬಮ್ ಕಳಸ್ತೀನಿ. ಅಲ್ಲೀತನ ನಿಮಗ ಟೈಮ್ ಐತ್ರಿ." ದನಿಯಾಗ ಏನೂ ಇದ್ದಿಲ್ಲ. ಏನೂ ಇರದಿದ್ದದ್ದ ಇಂವಗ ಚುಚ್ತು.

ಶುಕ್ರವಾರ ಮಧ್ಯಾಹ್ನ ಶೆಡ್ಡಿನ್ಯಾಗ ಹತ್ತು ಹನ್ನೆರಡು ಹೆಣ್ಮಕ್ಕಳು ಕುಂತು ದ್ರಾಕ್ಷಿ ಆರಸಾಕತ್ತಿದ್ರು. ಮಲ್ಲಿನಾಥನ ಅವ್ವ ದುಂಡವ್ವ ಅವರ ನಡುವ.

"ಮಾರಿ ಯಾಕೋ ಹಂಗ ಮಾಡೀಯೋ ಯಪ್ಪಾ? ಏನರ ಹಾಡರ ಹಚ್ಚು, ಕೈ ಆಡವಲ್ವು," ಅಂದ್ಳು.

ಅಂವ ಪೆನ್‌ಡ್ರೈವ್ ತಗೊಂಡು ಸ್ಪೀಕರಿಗಿ ತುರುಕಿದ. ಒಂದನೇ ಹಾಡು ಬಂತು. ಹೆಣ್ಮಕ್ಕಳು ನಗಾಡಿದ್ರು, ಒಬ್ಬಾಕಿ ಕಿವಿ ಮುಚ್ಕೊಂಡ್ಳು, ಇನ್ನೊಬ್ಬಾಕಿ ಭುಜ ಕುಣಿಸಿದ್ಳು. ಮುಗೀತು. ಎರಡನೇದು ಬರಬೇಕಲ್ಲ? ಬರಲಿಲ್ಲ. ಆ ಹಳೇ ಸ್ಪೀಕರಿಗಿ ಎಣಿಕಿ ಎಲ್ಲಿ ಬರ್ತೈತ್ರಿ, ಒಂದರಿಂದ ಸುರು ಆಗೂ ನಂಬರೆಲ್ಲ ಮೊದಲು ಅಂತ ತಿಳಕೊಂಡೈತಿ. ಒಂದರ ಬೆನ್ನಿಗಿ ಸೀದಾ ಹತ್ತಕ್ಕ ಜಿಗೀತು.

ಬಬಲೇಶ್ವರದ ಬಸ್ಸು ಬಂತು.

ಮಲ್ಲಿನಾಥ ಬಂದ್ ಮಾಡಾಕ ಕೈ ಚಾಚಿದ. ಚಾಚಿದ ಕೈ ಅಲ್ಲೇ ನಿಂತ್ತು. ನಗು ನಿಂತಿತ್ತು, ಮಾತು ನಿಂತಿದ್ವು. ದ್ರಾಕ್ಷಿ ಆರಸೂ ಕೈಗೋಳು ಮೆಲ್ಲಕ ಮೆಲ್ಲಕ ಆಡಿ, ಒಂದೊಂದಾಗಿ ತೊಡಿ ಮ್ಯಾಲ ಬಂದು ಕುಂತ್ವು. ಹಾಡಿನ್ಯಾಗ ಕಿಟಕಿ ಗಾಜಿಗಿ ತಲಿ ಆನಿಸಿ ಒಬ್ಬಾಕಿ ಹೊಂಟಿದ್ಳು, ಹೆಸರಿಲ್ಲದಾಕಿ. ಆಕಿ ಯಾರಂತ ಆ ಶೆಡ್ಡಿನ್ಯಾಗ ಯಾರಿಗೂ ಗೊತ್ತಿಲ್ಲ, ಆದ್ರೂ ಎಲ್ಲಾರೂ ಆಕಿ ಇಳಿಯೂ ದಾರಿ ಕಾಯಾಕತ್ತಿದ್ರು.

ಹಾಡು ಮುಗೀತು. ಹೆಣ್ಮಕ್ಕಳು ಸೀರಿ ಝಾಡಿಸಿ ಎದ್ದು, ಚಾ ಕುಡ್ಯಾಕ ಹೊರಗ ಹ್ವಾದ್ರು.

ಖಾಲಿ ಶೆಡ್ಡಿನ್ಯಾಗ ಎರಡನೇ ಹಾಡು ಧಡ್ ಅಂತ ಸುರು ಆತು.

"ಏ, ಬಂದ್ ಮಾಡೋ!" ಅಂದ್ಳು ದುಂಡವ್ವ ಬಾಗಲದಾಗ ಹೊಳ್ಳಿ ನಿಂತು. "ಮಂಗಳ ಆದ ಮ್ಯಾಲ ಇದೇನ್ ಗದ್ದಲ?"

"ಯಾವ ಮಂಗಳ ಬೇ?"

"ಭಜನ್ಯಾಗ ಕಡೀಕ ಹಾಡೂದಿಲ್ಲೇನು? ಮಂಗಳ ಹಾಡಿದ್ರ ಮುಗೀತು, ಅದರ ಮ್ಯಾಲ ಮತ್ತೊಂದು ಪದ ಹಾಡಂಗಿಲ್ಲ. ಎಲ್ಲಾರಕಿಂತ ಚಲೋ ದನಿ ಇದ್ದವರನ್ನ ಅದಕ್ಕಂತ ಕುಂದ್ರಿಸ್ಕೊಂಡಿರ್ತಾರ. ನಿನ್ನ ಆ ಬಸ್ಸಿನ ಹಾಡು ಹಂಗ ಇತ್ತು. ಕೇಳಿದ್ವಿ, ಇನ್ನೇನೂ ಬ್ಯಾಡ ಅನಿಸ್ತು, ಎದ್ದಿವಿ."

ಮಲ್ಲಿನಾಥ ದ್ರಾಕ್ಷಿ ಬಾಕ್ಸಿನ ಮ್ಯಾಲ ಕುಸದ ಕುಂತ. ದಾನೇಶ್ವರಿ ಭಜನಿ ಮನೀ ಮಗಳು. ತಾಳ ಹಾಕಿ ಬೆಳದಾಕಿ. ಆಕಿ ಕೈಯಾಗ ಕಡೀ ಜಾಗಾ ಅಂದ್ರ ಏನು? ಆರು ಸೆಕೆಂಡ್ ಗಪ್ ಯಾಕ? ಯಪ್ಪಾ ಯಪ್ಪಾ ಯಪ್ಪಾ.

ಆಕಿಗಿ ಫೋನ್ ಹಚ್ಚಿದ. ಸ್ವಿಚ್ ಆಫ್. ರಾತ್ರಿ ಹಚ್ಚಿದ, ಸ್ವಿಚ್ ಆಫ್. ಶನಿವಾರ ತಿಕೋಟಾದ ಬಸ್ಸು ಹಿಡದು ವಿಜಯಪುರಕ್ಕ ಇಳಿದಾಗ ಹತ್ತು ಮುಕ್ಕಾಲು.

ಅಕ್ರಮ ಸ್ಟುಡಿಯೋ ಪಾವಟಿಗಿ ಮ್ಯಾಲ ಕುಂತಿದ್ದ. "ಎಲ್ಲಿ ಸತ್ತಿದ್ದಿಲೇ? ಮೇಡಂ ಬುಧವಾರದಿಂದ ಸಿಟ್ಟಿನ್ಯಾಗ ಅದಾರ. ನಂಗ ಚಾ ಸೈತ ಕೇಳಿಲ್ಲ."

ಮಲ್ಲಿನಾಥ ಎರಡೆರಡು ಪಾವಟಿಗಿ ಜಿಗದು ಮ್ಯಾಲ ಹ್ವಾದ. ದಾನೇಶ್ವರಿ ತಿರಗಲಿಲ್ಲ.

"ಒಂಬತ್ತು ಹಾಡು ರೆಡಿ ಅದಾವ್ರಿ."

"ಹತ್ತು ಬೇಕ್ರಿ."

"ತಗೀರಿ ಅಂದ್ರಿ, ತಗದೆ. ನಿಮ್ಮ ದನಿ ಅಳಿಸೀನಿ. ಬರೇ ಗಿಟಾರ್ ಉಳದೈತಿ."

"ಪೂರಾ ಅಳಿಸಿದ್ರಿ?"

"ಸಿಟ್ಟ ಬಂದಿತ್ರಿ. ಸಿಟ್ಟ ಅರ್ಧಂಬರ್ಧ ಬರ್ತೈತೇನು?"

ಇಂವ ನಿಂತಲ್ಲೇ ನಿಂತು ಎಲ್ಲಾ ಹೇಳಿದ. ಬಾಕ್ಸು, ಮ್ಯಾಲಿನ ಕಾಯಿ, ತಳದ ಕಾಯಿ, ಹಳೇ ಸ್ಪೀಕರು, ಎದ್ದು ಹೋದ ಹೆಣ್ಮಕ್ಕಳು, ಅವ್ವ ಅಂದ ಮಾತು. ಹೇಳ್ಕೋತ ಹೋದಂಗ ದಾನೇಶ್ವರಿ ಕುರ್ಚಿ ಮೆಲ್ಲಕ ತಿರಗ್ತು. ಹುಬ್ಬು ಏರ್ತು, ಒಂದಲ್ಲ, ಎರಡೂ.

"ಅಂದ್ರ ನಾ ಮಂಗಳದ ಜಾಗಾ ಕೊಟ್ರ, ನೀವು ಅದನ್ನ ಬಾಕ್ಸಿನ ತಳಾ ಮಾಡಿದ್ರಿ?"

"ಹೌದ್ರಿ."

"ಈ ಮೂರು ದಿನ ನಾ ಏನ್ ತಿಳಕೊಂಡಿದ್ದೆ ಗೊತ್ತೇನ್ರಿ? ನಾ ಜವಾಬು ಕೊಟ್ಟೆ, ನೀವು ಹಾಡ ವಾಪಸ್ ತಗೊಂಡ್ರಿ ಅಂತ."

ಮಲ್ಲಿನಾಥ ಒಂದು ಹೆಜ್ಜಿ ಮುಂದ ಬಂದ. "ಅದು... ಜವಾಬೇನ್ರಿ?"

"ಮತ್ತ? ಆ ಬಸ್ಸಿನ್ಯಾಗ ಕಿಟಕಿಗಿ ಕುಂತು ಕಿವ್ಯಾಗ ವೈರ್ ಹಾಕ್ಕೊಂಡು ಬರಾಕಿ ನಾ ಬಿಟ್ಟು ಇನ್ನ ಯಾರ ಅದಾರ? ಪ್ರಾಸಕ್ಕ ಕೂಡ್ತು ಅಂತ ಹೇಳ್ತೀರಿ! ಇಡೀ ಹಾಡಿನ್ಯಾಗ ಬಸ್ಸಿಗಿ ಒಂದರ ಪ್ರಾಸ ಐತೇನ್ರಿ? ನಾ ಹುಡಕೀನಿ. ನಾಕ ಸಲ ಹುಡಕೀನಿ."

ಪಾವಟಿಗಿ ಮ್ಯಾಲ ಅಕ್ರಮ ಬಿದ್ದ ಬಿದ್ದ ನಗೂದು ಕೇಳಿಸ್ತು. ಆಕಿ ಬಾಗಲಾ ಹಾಕಿದ್ಳು.

"ಒಳಗ ನಡೀರಿ. ಹೊಸದಾಗಿ ಹಾಡ್ರಿ. ಈ ಸಲ ಕಣ್ಣ ಮುಚ್ಚಂಗಿಲ್ಲ, ಮೊದಲ ಹೇಳ್ತೀನಿ."

ಅಂವ ಮೈಕಿನ ಮುಂದ ನಿಂತ. ಗಾಜಿನ ಈಕಡೆ ಆಕಿ, ಗದ್ದಕ್ಕ ಕೈ ಕೊಟ್ಟು, ಅಂಜಿಕಿ ಇಲ್ಲದ ನೋಡಾಕತ್ತಿದ್ಳು. ಮೊದಲ ಸಾಲಿಗಿ ಇಂವನ ದನಿ ನಡಗ್ತು. ಎರಡನೇ ಸಾಲಿಗಿ ಆಕಿ ಕಣ್ಣಾಗ ಒಂದು ಸಣ್ಣ ನಗು ಬಂದು ಕುಂತ್ತು, ದನಿ ಸ್ಥಿರ ಆತು. ನಡುವ ಸ್ಟೇಷನ್ ಕಡಿಂದ ರೈಲು ಕೂಗಿದ್ರೂ ಆಕಿ ಕೈ ಎತ್ತಿ ನಿಲ್ಸಲಿಲ್ಲ. ರೈಲು ಹಾಡಿನೊಳಗ ಬಂದು, ಹಾಡಿನೊಳಗ ಹೋತು.

ಗಿಟಾರಿನ ಕಡೀ ನಾದ ಆರೂತನ ಕಾಯ್ದು, ಆಕಿ ಹೆಡ್‌ಫೋನ್ ತಗದಿಟ್ಟು ಎದ್ದು ಒಳಗ ಬಂದ್ಳು. ಕುರ್ಚಿ ಕರ್ ಅಂತು. ಮೈಕಿನ ಆಕಡೆ ಬಂದು ನಿಂತ್ಳು. ಇಬ್ಬರ ನಡುವ ಒಂದು ಗೇಣು ಜಾಗಾ.

"ದಾನೇಶ್ವರಿ," ಅಂದ ಮಲ್ಲಿನಾಥ, ಮೇಡಂ ಇಲ್ಲ, ರಿ ಇಲ್ಲ. "ನನ್ನ ಲಗ್ನ ಮಾಡ್ಕೋತೀಯೇನು?"

"ಹೂಂ," ಅಂದ್ಳು ಆಕಿ.

ಅಷ್ಟ. ಹಿಂದಿಂದ ಅಕ್ರಮ ಬಾಗಲಾ ದೂಡಿ ಒಳಗ ಬಂದು ಒದರಿದ: "ಏ ಪುಣ್ಯಾತ್ಮರ, ರೆಕಾರ್ಡ್ ಚಾಲೂ ಐತಿ!"

ಹನ್ನೊಂದಕ್ಕ ಹೋಗೂ ಆಲ್ಬಮ್ಮು ಒಂದಕ್ಕ ಹೋತು. ಆ 'ಹೂಂ' ಕಟ್ ಮಾಡೂಣು ಅಂದ ಅಕ್ರಮ, ರಾಕ್ ಆಲ್ಬಮ್ಮಿನ್ಯಾಗ ಇದೇನ್ ಮನೀ ಮಾತು ಅಂತ. ದಾನೇಶ್ವರಿ ಮಲ್ಲಿನಾಥನ ಮಾತಷ್ಟ ತಗದ್ಳು. ಹೂಂ ಹಂಗ ಇಟ್ಳು. "ಅದು ಹಾಡಿನ ತುದಿ. ಮುಟ್ಟಿದ್ರ ಕೈ ಮುರೀತೀನಿ," ಅಂದ್ಳು. ಅಷ್ಟೊತ್ತಿಗಿ ಬಂದಿದ್ದ ಪ್ರತಾಪ ಆ ವರ್ಷದ ಎರಡನೇ ಮಾತಾಡಿದ: "ಇರ್ಲಿ."

ಆಲ್ಬಮ್ ಬಂದ ನಾಕನೇ ದಿನ ಆಕಿ ಜೈನಾಪುರದಿಂದ ಫೋನ್ ಮಾಡಿದ್ಳು. ಸಣ್ಣ ದನಿ.

"ಅಪ್ಪ ಕೇಳಿದ."

"ಪೂರಾ?"

"ಹತ್ತೂ. ಕಟ್ಟಿ ಮ್ಯಾಲ ಕುಂತು, ಬೆರಳಿಲೆ ತಾಳ ಹಾಕ್ಕೋತ. ಒಂಬತ್ತು ಹಾಡಿಗಿ ಏನೂ ಅನ್ಲಿಲ್ಲ. ಹತ್ತನೇದು ಮುಗದ ಮ್ಯಾಲ 'ಈ ಹೂಂ ಯಾರದು ಬೇ?' ಅಂದ."

"ನೀ ಏನಂದಿ?"

"ತಲಿ ತಗ್ಗಿಸಿದೆ. ಅಪ್ಪ ಮತ್ತ ಹಚ್ಚಿದ. ಮೂರ ಸಲ ಬರೇ ಆ ತುದೀನ ಕೇಳಿದ. ಕಡೀಕ ಎದ್ದು ರುಮಾಲ ಝಾಡಿಸಿ, 'ಐತವಾರ ಆ ಹುಡುಗಗ ಉಣ್ಣಾಕ ಬಾ ಅನ್ನು. ರೊಟ್ಟಿ ಎಷ್ಟ ತಿಂತಾನ ಕೇಳು' ಅಂದ."

ಮಲ್ಲಿನಾಥ ಬೆರಳ ಮಡಚಿ ರೊಟ್ಟಿ ಎಣಸಾಕ ಹತ್ತಿದ.

"ಹಲೋ? ಕೇಳಾಕತ್ತೈತೇನು? ಅಪ್ಪ ಇಲ್ಲೇ ಬಾಜೂಕ ನಿಂತಾನ, ಲಗೂನ ಹೇಳು."

"ನಾಕು," ಅಂದ.

"ನಾಕಂತ ಯಪ್ಪಾ!" ಅಂತ ಆಕಿ ಒದರಿದ್ದು ಕೇಳಿಸ್ತು. ಅದರ ಹಿಂದಿಂದ ಹಿರ್ಯಾನ ದನಿ ಬಂತು, ಮೇಳದ ದನಿ, ದೊಡ್ಡದು:

"ಬರೇ ನಾಕ? ಅಷ್ಟ ಉಂಡು ಹಂಗ ಹಾಡ್ತಾನೇನು? ಎಂಟು ರೊಟ್ಟಿ ಬಡೀರಿ!"